ಏಂಜಲ್ ಹೋಟೆಲ್ಲಿನ ನಲವತ್ತು ಶಿಲ್ಲಿಂಗು

ಹೋದ ಸಲ ಮೆಂತ್ಯದ ಹಿಟ್ಟಿನ ಬಗ್ಗೆ ಬರದಿದ್ದೆ. ಈ ಸಲ ಪಬ್ಬಿನ ಬಗ್ಗೆ ಬರೀಲಿಕ್ಕತ್ತೇನಿ. ಹೌದ್ರೀ, ಕುಡಿಯೋ ಪಬ್ಬು! ನಮ್ಮ ದೊಡ್ಡ ವೈನಿ "ಇಂಗ್ಲಂಡಿಗೆ ಹೋಗಿ ಇದನ್ನ ಕಲತು ಬಂದಳೇನು?" ಅಂತ ನಗ್ತಾರ, ಮಗ್ಗಲಮನಿ ಮೌಶಿ ಹಣಿ ಗಂಟು ಹಾಕ್ತಾರ, ಅದು ನನಗ ಗೊತ್ತದ. ಇಬ್ಬರೂ ಕಡೀತನಕಾ ಓದ್ರಿ, ಆಮ್ಯಾಲ ಬೈರಿ.

ಮಗಳು-ಅಳಿಯಂದು ಮನಿ ಇರೋದು ಇಂಗ್ಲಂಡಿನ ಲಿಂಕನ್‌ಶೈರ್ ಸೀಮಿಯ ಗ್ರ್ಯಾಂಥಮ್ ಅನ್ನೋ ಊರಾಗ. ಲಂಡನ್ನಿನಿಂದ ಉತ್ತರಕ್ಕ ಸುಮಾರು 110 ಮೈಲಿ. ಮಗಳ ಬಾಣಂತನಕ್ಕಂತ ಹೋಗಿ ಐದು ತಿಂಗಳು ಅಲ್ಲೇ ಇದ್ದೆ. ಇಂಥಾ ಊರಿಗೆ ಅಲ್ಲೆ "ಮಾರ್ಕೆಟ್ ಟೌನ್" ಅಂತಾರ. ನಮ್ಮ ಮಾತಿನಾಗ ಹೇಳಬೇಕಂದ್ರ ಸಂತಿ ಊರು. ಸುತ್ತಲಿನ ಹಳ್ಳಿಯವರು ಕಾಳುಕಡಿ, ಕುರಿ, ಉಣ್ಣಿ ತಂದು ಮಾರಿ, ತಮಗ ಬೇಕಾದ್ದು ಕೊಂಡು ಹೋಗೋ ಊರು. ಶನಿವಾರ ಈಗೂ ಸಂತಿ ಕೂಡತದ. ಸಂತಿ ಬಯಲಿನಾಗ 1597ರಾಗ ಕಟ್ಟಿದ ಒಂದು ಕಲ್ಲಿನ ನೀರಿನ ಕಟ್ಟಡ ಅದ. ಊರ ಹೊರಗಿನ ಝರಿ ನೀರು ಅದಕ್ಕ ಬಂದು ಬೀಳತಿತ್ತು, ಹೆಣ್ಮಕ್ಕಳು ಅಲ್ಲಿಂದ ತುಂಬಿಕೊಂಡು ಒಯ್ಯತಿದ್ರು. ಐಸಾಕ್ ನ್ಯೂಟನ್ ಸಣ್ಣಾಂವ ಇದ್ದಾಗ ಇದೇ ಊರಾಗ ಸಾಲಿ ಕಲತಾನ. ಮಾರ್ಗರೇಟ್ ಥ್ಯಾಚರ್ 1925ರಾಗ ಇದೇ ಊರಾಗ ಒಂದು ಕಿರಾಣಿ ಅಂಗಡಿ ಮ್ಯಾಲಿನ ಮನ್ಯಾಗ ಹುಟ್ಟ್ಯಾಳ.

ಮಗಳ ಮನಿ ಬಾಜೂಕ ಒಬ್ಬರು ಅಜ್ಜಿ ಇದ್ದಾರ. ಎಂಬತ್ತು ದಾಟ್ಯಾವ, ಸಾಲಿ ಕಲಿಸಿ ರಿಟೈರ್ ಆದವರು. ನನ್ನ ಪಿಯುಸಿ ಇಂಗ್ಲಿಷಿಗೆ ಅವರು ಮೆಲ್ಲಕ ಮಾತಾಡ್ತಿದ್ರು, ಹಿಂಗಾಗಿ ನಮ್ಮಿಬ್ಬರದೂ ಛಲೋ ಜಮಾಸ್ತು. ಒಂದು ದಿನ ಸಂತಿಗೆ ಹೋದಾಗ ಝಲ್ ಅಂತ ಮಳಿ ಬಂತು. "ಬಾ, ಚಾ ಕುಡಿಯೋಣು" ಅಂತ ಹೈ ಸ್ಟ್ರೀಟಿನಾಗಿದ್ದ ಒಂದು ದೊಡ್ಡ ಕಲ್ಲಿನ ಕಟ್ಟಡಕ್ಕ ಕರಕೊಂಡು ಹೋದ್ರು. ಒಳಗ ಕೂತ ಮ್ಯಾಲ ಬಾಟಲಿಗಳ ಸಾಲು ನೋಡಿ ಇದು ಬಾರ್ ಅಂತ ಗೊತ್ತಾತು. ಐವತ್ನಾಲ್ಕು ವರ್ಷ ನಾ ಇಂಥಾ ಜಾಗಾದ ಬಾಗಲಾ ತುಳದಿರಲಿಲ್ಲ. ಯಾಕಂತ ಮುಂದ ಹೇಳ್ತೇನಿ. ಚಾ ಅಂತೂ ಬಿಸಿ ಇತ್ತು, ಎದುರಿಗೆ ಬೆಂಕಿ ಗೂಡಿತ್ತು, ಹೊರಗ ಮಳಿ ಇತ್ತು. ಕೂತೆ.

ಅದರ ಹೆಸರು "ಏಂಜಲ್ ಅಂಡ್ ರಾಯಲ್". ಮುಂದಿನ ಗ್ವಾಡಿನ 15ನೇ ಶತಮಾನದ್ದು. ನಡುವ ಒಂದು ದೊಡ್ಡ ಕಮಾನು. ಕಮಾನಿನ ಮ್ಯಾಲ ಬಂಗಾರ ಬಣ್ಣದ ದೇವದೂತ ಕಿರೀಟ ಹಿಡಕೊಂಡಾನ, ಅದಕ್ಕ ಏಂಜಲ್ ಅಂತ ಹೆಸರು. ಕಮಾನಿನ ಎರಡೂ ಬಾಜೂ ಮೂರನೇ ಎಡ್ವರ್ಡ್ ರಾಜಾ ಮತ್ತ ಅವನ ರಾಣಿ ಫಿಲಿಪ್ಪಾ ಅವರ ತಲಿ ಕೆತ್ಯಾರ. ಅದಕ್ಕಿಂತಾ ಮೊದಲು, 1200ರ ಸುಮಾರಿಗೆ, ಆ ಜಾಗಾದಾಗ ಟೆಂಪ್ಲರ್ ಅನ್ನೋ ಯೋಧ ಸನ್ಯಾಸಿಗಳ ಛತ್ರ ಇತ್ತಂತ ಊರವರು ಹೇಳ್ತಾರ. ಅಲ್ಲಿಂದ ಹಿಡಿದು ಹಾದಿಹೋಕರಿಗೆ ಉಣ್ಣಲಿಕ್ಕೆ, ಮಲಗಲಿಕ್ಕೆ ಕೊಟ್ಟುಕೋತ ಬಂದ ಜಾಗಾ ಅದು. "ಇನ್" ಅಂದ್ರ ಹಾದಿಹೋಕರಿಗೆ ಹಾಸಿಗಿ, ಊಟಾ, ಕುದರಿಗೆ ಹುಲ್ಲು ಕೊಡೋ ಛತ್ರ. "ಏಲ್‌ಹೌಸ್" ಅಂದ್ರ ಊರಿನ ಬಡವರು ಬಂದು ಕುಡಿಯೋ ಸಣ್ಣ ಮನಿ. ಈಗ ಎರಡಕ್ಕೂ ಸೇರಿಸಿ ಪಬ್ ಅಂದುಬಿಡ್ತಾರ.

ಈ ಮನಿ ಕಂಡ ರಾಜಕಾರಣ ಒಂದು ಕಾದಂಬರಿ ಆಗ್ತದ. 1483ರಾಗ ಮೂರನೇ ರಿಚರ್ಡ್ ರಾಜಾ ಆಗಿದ್ದ. ಅವನನ್ನ ಪಟ್ಟಕ್ಕೇರಸಲಿಕ್ಕೆ ಓಡಾಡಿದಾಂವ ಬಕಿಂಗ್‌ಹ್ಯಾಮ್‌ನ ಡ್ಯೂಕ್. ಅವನೇ ಕೆಲವು ತಿಂಗಳದಾಗ ತಿರುಗಿಬಿದ್ದ. ಸುದ್ದಿ ಕೇಳಿದಾಗ ರಾಜಾ ಲಿಂಕನ್ ಊರಾಗ ಇದ್ದ, ರಾಜಮುದ್ರಿ ಲಂಡನ್ನಿನಾಗ ಇತ್ತು. ಮುದ್ರಿ ಇಲ್ಲದ ಹುಕುಂ ನಡ್ಯಂಗಿಲ್ಲ. ಲಗೂನ ಮುದ್ರಿ ಕಳಸ್ರಿ ಅಂತ ಪತ್ರ ಬರಸಿ, ಸಿಟ್ಟು ತಡೀಲಾರದ ಕೆಳಗ ತನ್ನ ಕೈಲೇ ನಾಲ್ಕು ಸಾಲು ಡ್ಯೂಕನಿಗೆ ಬೈದು ಬರದ. ಅಕ್ಟೋಬರ್ 19ಕ್ಕ ಆ ಮುದ್ರಿ ಅವನ ಕೈಗೆ ಬಂದದ್ದು ಗ್ರ್ಯಾಂಥಮ್ಮಿನ ಏಂಜಲ್ ಛತ್ರದಾಗ, "ರಾಜನ ಖೋಲಿ" ಅನ್ನೋದರಾಗ. ನವೆಂಬರ್ 2ಕ್ಕ ಡ್ಯೂಕನ ತಲಿ ಹೋತು. ಅವನ ಮರಣದ ಹುಕುಮಿಗೆ ಸಹಿ ಬಿದ್ದದ್ದೂ ಇಲ್ಲೇ ಅಂತ ಊರವರ ಮಾತು. ಮ್ಯಾಲಿನ ಅಂತಸ್ತಿನಾಗ ಆ ಖೋಲಿ ಅಂತ ಈಗೂ ತೋರಸ್ತಾರ. ಅಲ್ಲೇ ಈಗ ಜನಾ ಊಟಾ ಮಾಡ್ತಾರ. ಆಮ್ಯಾಲ 1633ರಾಗ ಮೊದಲನೇ ಚಾರ್ಲ್ಸ್ ರಾಜಾ ಬಂದ. 1866ರಾಗ ವಿಕ್ಟೋರಿಯಾ ರಾಣಿ ಹಿರೇಮಗ ಬಂದುಹೋದ ಮ್ಯಾಲ ಬರೇ "ಏಂಜಲ್" ಇದ್ದದ್ದು "ಏಂಜಲ್ ಅಂಡ್ ರಾಯಲ್" ಆತು.

ರಾಜರಿಗಿಂತಾ ನನಗ ಮನಸಿಗೆ ಹಿಡಿಸಿದ್ದು ಆ ಕಮಾನು. ಅಷ್ಟು ಅಗಲ ಯಾಕಂದ್ರ ಕುದರಿ ಗಾಡಿ ಸೀದಾ ಒಳಗಿನ ಅಂಗಳಕ್ಕ ಹೋಗಬೇಕಿತ್ತು. ಲಂಡನ್ನಿನಿಂದ ಯಾರ್ಕಿಗೆ, ಅಲ್ಲಿಂದ ಸ್ಕಾಟ್ಲಂಡಿಗೆ ಹೋಗೋ ದೊಡ್ಡ ಹಾದಿ ಈ ಊರಾಗಿಂದನ ಹಾದು ಹೋಗತಿತ್ತು. ಗಾಡಿ ಬಂದ ಕೂಡಲೆ ದಣಿದ ಕುದರಿ ಬಿಚ್ಚಿ, ತಾಜಾ ಕುದರಿ ಕಟ್ಟಬೇಕು. ಅಷ್ಟರಾಗ ಮಂದಿ ಇಳದು ಗಪಗಪ ಉಣಬೇಕು. 1706ರಾಗ ಲಂಡನ್-ಯಾರ್ಕ್ ನಡುವಿನ ಗಾಡಿಗೆ ಒಂದು ಜಾಹೀರಾತು ಹಾಕಿದ್ರು. ಪ್ರಯಾಣ ನಾಲ್ಕು ದಿನ, ಅದೂ ದೇವರು ನಡಸಿಕೊಟ್ರ! ಒಬ್ಬರಿಗೆ 14 ಪೌಂಡ್ ತೂಕದ ಗಂಟು ಫುಕಟ್, ಅಂದ್ರ ನಮ್ಮ ಆರು ಕಿಲೋದ ಮ್ಯಾಲ ಸ್ವಲ್ಪ. ಅದಕ್ಕಿಂತಾ ಹೆಚ್ಚಾದ್ರ ತೂಕದ ಮ್ಯಾಲ ರೊಕ್ಕ. ಅದನ್ನ ಕೇಳಿ ನಾ ನಕ್ಕೆ. ವಿಮಾನದ ತಕ್ಕಡಿ ಮ್ಯಾಲ ನನ್ನ ಚಟ್ನಿಪುಡಿ, ಅಂಟಿನುಂಡಿ ಡಬ್ಬಿ ಇಟ್ಟು ಜೀವ ಕೈಯಾಗ ಹಿಡಕೊಂಡು ನಿಂತದ್ದು ನೆನಪಾತು. ಮುನ್ನೂರು ವರ್ಷದ ಹಿಂದಿನ ಬಾಣಂತನದ ತಾಯಂದ್ರೂ ಹಿಂಗ ನಿಂತಿರಬೇಕು. 1852ರಾಗ ಲಂಡನ್ನಿನ ರೈಲು ಗ್ರ್ಯಾಂಥಮ್ಮಿಗೆ ಬಂತು, ಗಾಡಿ ಕಾಲ ಮುಗೀತು. ಅಂಗಳದಾಗ ಕುದರಿ ಸಪ್ಪಳ ನಿಂತ್ರೂ ಸಂತಿಯವರು ಬಿಡಲಿಲ್ಲ, ಹಂಗಾಗಿ ಛತ್ರ ಉಳೀತು.

ಓದು ಬರದ ಮಂದೀಗೆ ಗುರ್ತು ಸಿಗಲಿ ಅಂತ ಆಗಿನ ಅಂಗಡಿಗಳಿಗೆ ಚಿತ್ರದ ಬೋರ್ಡು. ದೇವದೂತ, ಹಂಸ, ಬಿಳೇ ಜಿಂಕಿ ಹಿಂಗ. ಇದೇ ಊರಾಗ "ಬೀಹೈವ್" ಅಂತ ಇನ್ನೊಂದು ಪಬ್ ಅದ, ಅದಕ್ಕ ಬೋರ್ಡಿನ ಬದಲಿ ಮುಂದಿನ ಗಿಡದಾಗ ಖರೇ ಜೇನಿನ ಪೆಟ್ಟಿಗಿ ಇಟ್ಟಾರ! ಸುಮಾರು ಇನ್ನೂರು ವರ್ಷದಿಂದ ಜೀವಂತ ಬೋರ್ಡು. ಅಜ್ಜಿ ತೋರಿಸಿದಾಗ ಹುಳಾ ಗುಂಯ್ ಅನ್ನಲಿಕ್ಕತ್ತಿದ್ವು, ನಾ ಸೆರಗು ತಲಿ ಮ್ಯಾಲ ಎಳಕೊಂಡು ದೂರದಿಂದನ ನೋಡಿದೆ.

ಈಗ ನಮ್ಮ ಅಡಗಿ ಮನಿಗೆ ಬರೋಣು. ಅಜ್ಜಿ ಹೇಳಿದ್ದರಾಗ ನಂಗ ಭಾಳ ಆಶ್ಚರ್ಯ ಆದದ್ದು ಇದು: ಇಂಗ್ಲಂಡಿನಾಗ ಮೊದಲು ಏಲ್ ಮಾಡತಿದ್ದವರು ಹೆಣ್ಮಕ್ಕಳು! ರೊಟ್ಟಿ ಬಡದಂಗ, ಬೆಣ್ಣಿ ಕಡದಂಗ ಅದೂ ಮನಿಗೆಲಸ. ಜವೆಗೋಧಿ ನೆನಸಬೇಕು, ಮೊಳಕಿ ಬರಸಬೇಕು, ಒಣಗಿಸಿ ರವಾ ಹಂಗ ಒಡದು ಬಿಸಿ ನೀರಾಗ ಹಾಕಬೇಕು, ಸೋಸಿ ಹುಳಿ ಬರಲಿಕ್ಕೆ ಇಡಬೇಕು. ನಾವು ಕೂಸಿಗೆ ರಾಗಿ ಮೊಳಕಿ ಹಿಟ್ಟು ಮಾಡೋದು, ಇಡ್ಲಿ ಹಿಟ್ಟು ಉಬ್ಬಸೋದು, ಎರಡೂ ಕೂಡಿಸಿದಂಗ. ತೆಳ್ಳಗಿನ ಏಲ್ ಮನಿಮಂದಿಗೆಲ್ಲಾ, ಹುಡುಗೂರಿಗೂ ಸುದ್ದಾ. ಮನಿಗಾಗಿ ಉಳದದ್ದು ಮಾರಾಟಕ್ಕ. ಮನಿ ಮುಂದ ಒಂದು ಕೋಲಿಗೆ ಹಸರು ತೊಪ್ಪಲು ಕಟ್ಟಿದ್ರ "ಇವತ್ತ ನಮ್ಮನ್ಯಾಗ ಏಲ್ ಅದ" ಅಂತ ಅರ್ಥ. ವಿಧವಿಯರು, ಗಂಡ ದುಡೀಲಾರದವರು ಇದರ ಮ್ಯಾಲನ ಮಕ್ಕಳನ್ನ ಸಾಕ್ಯಾರ. ಬೆಲಿ ಹೆಚ್ಚು ಹಚ್ಚಬಾರದಂತ 13ನೇ ಶತಮಾನದಾಗನ ಕಾಯ್ದೆ ಬಂದಿತ್ತು. ರುಚಿ ನೋಡಲಿಕ್ಕೆ ಊರಿನ ಅಧಿಕಾರಿ ಬರತಿದ್ದ.

ಆ ಏಲ್ ನಾಲ್ಕೈದು ದಿನದಾಗ ಕೆಡತಿತ್ತು, ಹಂಗಾಗಿ ದೊಡ್ಡ ವ್ಯಾಪಾರ ಆಗತಿರಲಿಲ್ಲ. ಆಮ್ಯಾಲ ಸಮುದ್ರದ ಆಚೆ ದೇಶಗಳಿಂದ ಹಾಪ್ಸ್ ಅನ್ನೋ ಕಹಿ ಹೂವು ಬಂತು. ಅದನ್ನ ಹಾಕಿ ಕುದಿಸಿದ್ದು ಬಿಯರ್, ತಿಂಗಳಗಟ್ಟಲೆ ಕೆಡೂದಿಲ್ಲ. ದೂರ ಕಳಸಬಹುದು, ದೊಡ್ಡ ದೊಡ್ಡ ಹಂಡೆ ಇಡಬಹುದು. ಅದಕ್ಕ ಬಂಡವಾಳ ಬೇಕು. ಬಂಡವಾಳ ಬಂದಲ್ಲೆ ಗಂಡಸೂರು ಬಂದ್ರು. ನೂರು-ಇನ್ನೂರು ವರ್ಷದಾಗ ಕೆಲಸಾ ಹೆಣ್ಮಕ್ಕಳ ಕೈ ತಪ್ಪಿತು. ಕಡೀಕ ಎಲ್ಲೀತನಕ ಬಂತಂದ್ರ, ತಾವೇ ಹುಟ್ಟಿಸಿದ ಜಾಗಾದಾಗ ಹೆಣ್ಮಕ್ಕಳು ಹೋಗಿ ನಿಲ್ಲಲಿಕ್ಕೂ ಅವಮಾನ. ಲಂಡನ್ನಿನ ಒಂದು ವೈನ್ ಬಾರಿನಾಗ ಕೌಂಟರ್ ಮುಂದ ಹೆಂಗಸರಿಗೆ ಕೊಡಂಗಿಲ್ಲ ಅನ್ನೋ ಪದ್ಧತಿ ಇತ್ತು, ಅದು ತಪ್ಪಂತ ಕೋರ್ಟು ಹೇಳಿದ್ದು 1982ರಾಗ! ಅಜ್ಜಿ ಇದನ್ನ ಹೇಳಿ, "ನಾ ಇಲ್ಲೆ ಒಬ್ಬಾಕೀನ ಬಂದು ಚಾ ಕುಡೀಲಿಕ್ಕೆ ಶುರು ಮಾಡಿದ್ದು ಆಮ್ಯಾಲನ" ಅಂದ್ರು.

ಈಗ ನಾ ಈ ಬರಹ ಬರೀಲಿಕ್ಕೆ ಕಾರಣ ಆದ ಮಾತು. ಮೈಕೆಲ್ ಸೊಲೊಮನ್ ಅಂತ ಈ ಏಂಜಲ್ಲಿನ ಮಾಲಕ ಇದ್ದ. 1706ರಾಗ ಸತ್ತ. ಮೃತ್ಯುಪತ್ರದಾಗ ಏನು ಬರದಿಟ್ಟಿದ್ದ ಗೊತ್ತದೇನ್ರಿ? ಈ ಛತ್ರದ ಬಾಡಿಗಿ ಉತ್ಪನ್ನದಾಗಿಂದ ವರ್ಷಕ್ಕ ನಲವತ್ತು ಶಿಲ್ಲಿಂಗು ತಗದು ಕೊಡಬೇಕು, ಅದಕ್ಕ ಪ್ರತಿ ವರ್ಷ ಮೈಕೆಲ್‌ಮಸ್ ಹಬ್ಬದಾಗ ಊರ ಚರ್ಚಿನ ಪಾದ್ರಿ ಕುಡತದ ವಿರುದ್ಧ ಒಂದು ಪ್ರವಚನ ಮಾಡಬೇಕು! ಮೈಕೆಲ್‌ಮಸ್ ಸೆಪ್ಟೆಂಬರ್ 29ಕ್ಕ ಬರ್ತದ. ಸುಗ್ಗಿ ಮುಗದು, ಬಾಡಿಗಿ ಲೆಕ್ಕಾ ಚುಕ್ತಾ ಮಾಡೋ ದಿನಾ ಅದು. ಅಂದ್ರ ಎಲ್ಲಾರ ಕೈಯಾಗೂ ನಾಲ್ಕು ಕಾಸು ಇರೋ ದಿನಾನ ಹಿಡದಾನ. ಸೇಂಟ್ ವುಲ್ಫ್ರಮ್ ಅನ್ನೋ ಆ ಚರ್ಚಿನ ಶಿಖರ 280 ಅಡಿ ಮ್ಯಾಲದ, ಊರಿಗೆ ಬರಬೇಕಾದ್ರ ಅದೇ ಮೊದಲು ಕಾಣಸ್ತದ. ಅಲ್ಲೆ ಆ ಪ್ರವಚನ ನಮ್ಮ ಕಾಲದತನಕಾ ನಡಕೋತ ಬಂದದ. ಕುಡಸಿ ಗಳಿಸಿದ ರೊಕ್ಕದಾಗಿಂದನ ಕುಡೀಬ್ಯಾಡ್ರಿ ಅಂತ ಹೇಳಸೋದು, ಮುನ್ನೂರು ವರ್ಷ!

ನಾ ಕೇಳಿದೆ, "ಹಂಗಂದ್ರ ಇಲ್ಲೆ ಕುಡತ ಕಡಿಮಿ ಆತೇನು?" ಅಂತ. ಅಜ್ಜಿ ನಕ್ರು. "ಶನಿವಾರ ರಾತ್ರಿ ಇದೇ ಬೀದ್ಯಾಗ ಬಂದು ನೋಡು" ಅಂದ್ರು. ಆಮ್ಯಾಲ ಬಸಿಯಾಗಿನ ಚಮಚಾ ತಿರವಿಕೋತ ಹೇಳಿದ್ರು: "ನಮ್ಮಮ್ಮ ವರ್ಷಾ ಆ ಪ್ರವಚನಕ್ಕ ತಪ್ಪದ ಹೋಗತಿದ್ಲು. ನನ್ನ ಕರಕೊಂಡು ಮೂರನೇ ಸಾಲಿನಾಗ ಕೂಡತಿದ್ಲು. ಅಪ್ಪ ಬರತಿರಲಿಲ್ಲ. ಮನಿಗೆ ಬಂದು ಅದರ ಬಗ್ಗೆ ಒಂದು ಮಾತೂ ಆಡತಿರಲಿಲ್ಲ. ಆದ್ರ ಆ ದಿನಾ ಅಮ್ಮಂದು ಮುಖಾ ಹಗುರಾಗಿ ಕಾಣಸತಿತ್ತು. ವರ್ಷದಾಗ ಒಂದು ಸಲಾನರ ಆಕಿ ಮನಿ ಸುದ್ದಿ ಬ್ಯಾರೆಯವರ ಬಾಯಿಲೆ, ದೊಡ್ಡ ಧ್ವನಿಲೆ ಕೇಳಸತಿತ್ತಲ್ಲ."

ನನಗ ಚಾ ಗಂಟಲಾಗ ಇಳೀಲಿಲ್ಲ. ನಮ್ಮ ಕಾಕಾ ನೆನಪಾದ್ರು.

ಇದನ್ನ ಓದೋರಾಗ ಅರ್ಧಾ ಮಂದಿಗೆ ನಮ್ಮ ಕಾಕಾ ಗೊತ್ತು. ಛಲೋ ಸರಕಾರಿ ನೌಕರಿ, ಛಲೋ ಕಂಠ, ಗಣಪತಿ ಕೂಡಸೋದರಾಗ ಎಲ್ಲಾರಕಿಂತಾ ಮುಂದ. ಮತ್ತ ಅವರಿಗೆ "ಹೊಟ್ಟಿನೋವು" ಇತ್ತು. ನಮ್ಮನ್ಯಾಗ ಅದಕ್ಕ ಇದ್ದ ಹೆಸರು ಅದು. ರಾತ್ರಿ ಹನ್ನೊಂದಕ್ಕ ಬಾಗಲಾ ಬಡದ್ರ ಹೊಟ್ಟಿನೋವು. ಮುಂಜಾನೆ ಏಳಲಿಕ್ಕೆ ಆಗಲಿಲ್ಲಂದ್ರ ಹೊಟ್ಟಿನೋವು. ಆಫೀಸಿಗೆ ರಜಾಚೀಟಿ ಒಯ್ದು ಕೊಡೋ ಕೆಲಸಾ ನಂದು, ಲಂಗಾ ಹಾಕ್ಕೊಳ್ಳೋ ವಯಸ್ಸು. ಅಲ್ಲಿನ ಕಾರಕೂನರು ಚೀಟಿ ಬಿಚ್ಚದನ "ಹೊಟ್ಟಿನೋವೇನವಾ?" ಅಂತ ಕೇಳಿ ಒಬ್ಬರ ಮುಖಾ ಒಬ್ಬರು ನೋಡತಿದ್ರು. ಕಾಕುನ ಪಾಟಲಿ ಒತ್ತಿ ಹೋದವು ವಾಪಸ ಬರಲಿಲ್ಲ. ಹಬ್ಬದಾಗ ಕೇಳಿದವರಿಗೆ "ಕೈ ಬಾತಾವ, ತಗದಿಟ್ಟೇನಿ" ಅಂತಿದ್ಲು. ಕೇಳಿದವರಿಗೂ ಗೊತ್ತಿತ್ತು. ಕಾಕಾ ಐವತ್ತು ತುಂಬೋದರಾಗ ಹೋದ್ರು. ನಾ ಆಗ ಪಿಯುಸಿ ಎರಡನೇ ವರ್ಷ. ಮಾತಾಡಸಲಿಕ್ಕೆ ಬಂದ ಮಂದಿಯೆಲ್ಲಾ "ಹೊಟ್ಟಿ ಬ್ಯಾನಿ ಹಚಗೊಂಡು ಹೋದ್ರು ಪಾಪ" ಅಂದ್ರು, ಕಾಕು ಗ್ವಾಡಿಗೆ ಮುಖಾ ಮಾಡಿ ಕೂತಿದ್ಲು.

ಹದಿನೈದು ಮಂದಿ ಇದ್ದ ಮನಿ ನಮ್ಮದು. ಎಲ್ಲಾರಿಗೂ ಗೊತ್ತಿದ್ದ ಮಾತು. ಇಷ್ಟು ವರ್ಷದಾಗ ಅದರ ಮ್ಯಾಲ ಒಂದು ಸೀದಾ ವಾಕ್ಯ ಯಾರ ಬಾಯಿಂದನೂ ಬರಲಿಲ್ಲ. ಹಿರ್ಯಾರು ಮರ್ಯಾದಿ ಅಂದ್ರು. ಆ ಮರ್ಯಾದಿಯ ಭಾರಾ ಎಲ್ಲಾ ಕಾಕು ಒಬ್ಬಾಕಿನ ಹೊತ್ತಳು. ಈಗ ಕಾಲಾ ಬದಲಾಗ್ಯದ ಅಂತೀವಿ. ಲಗ್ನದ ಮನ್ಯಾಗ ಮ್ಯಾಲಿನ ಖೋಲಿ ಬಾಗಲಾ ಹಾಕ್ಕೊಂಡು ಕೂತ್ರ "ಹುಡುಗೂರ ಪಾರ್ಟಿ" ಅಂತ ಹೆಸರು ಬಂದದ, ಅಷ್ಟ. ಹೊಸಾ ಸೊಸಿ ಕೆಳಗ ಒಬ್ಬಾಕಿನ ಊಟಕ್ಕ ದಾರಿ ಕಾಯ್ತಿರ್ತಾಳ. ನಾವು ಆಕಿಗೆ "ಬರ್ತಾನ ತಗೋ" ಅಂತೀವಿ.

ಆ ಸೊಲೊಮನ್ ಛತ್ರದ ಮಾಲಕ. ದಿನಾ ತನ್ನ ಕಣ್ಣ ಮುಂದ ಸಂತಿ ರೊಕ್ಕ ಗಲ್ಲಾಪೆಟ್ಟಿಗಿಗೆ ಬೀಳೋದು ಕಂಡಾಂವ. ಅಂಗಡಿ ಮುಚ್ಚರಿ ಅಂತ ಅಂವ ಬರದಿಡಲಿಲ್ಲ. ಛತ್ರ ನಡೀಲಿ, ವ್ಯಾಪಾರ ಆಗಲಿ, ಆದ್ರ ವರ್ಷಕ್ಕೊಂದು ದಿನಾ ಊರ ಮಂದಿ ಎಲ್ಲಾ ಕೂಡಿದಲ್ಲೆ ಈ ಮಾತು ಹೆಸರು ಹಿಡದು ಆಡಬೇಕು ಅಂದ. ಅಷ್ಟಾದ್ರೂ ಅಂದ.

ಊರಿಗೆ ಬಂದ ಮ್ಯಾಲ ಇದನ್ನ ಬರೀಬೇಕಂತ ಅನಸ್ತು, ಆದ್ರ ಕಾಕುನ್ನ ಕೇಳದ ಬರೀಲಿಕ್ಕೆ ಕೈ ಬರಲಿಲ್ಲ. ಈಗ ಆಕಿಗೆ ಎಪ್ಪತ್ತೊಂಬತ್ತು. ಫೋನ್ ಮಾಡಿ ಏಂಜಲ್ಲಿಂದ ಹಿಡದು ಎಲ್ಲಾ ಹೇಳಿದೆ. ಕಾಕಾನ ಸುದ್ದಿ ಹಾಕಲೇನು ಅಂದೆ. ಭಾಳೊತ್ತು ಸುಮ್ಮನಿದ್ಲು, ಲೈನ್ ಕಟ್ ಆತೇನೋ ಅಂದ್ಕೊಂಡೆ. ಆಮ್ಯಾಲ "ಬರಿ. ಹೆಸರು ಹಾಕಬ್ಯಾಡ. ಹೊಟ್ಟಿನೋವು ಅಂತನೂ ಬರೀಬ್ಯಾಡ, ಏನಿತ್ತೋ ಅದನ್ನ ಬರಿ" ಅಂದ್ಲು. ಆಕಿ ಅಂದಂಗನ ಬರದೇನಿ: ನಮ್ಮ ಕಾಕಾ ಕುಡೀತಿದ್ರು. ಅದರಿಂದನ ಹೋದ್ರು.

ಆಮ್ಯಾಲ ಕಾಕು ಕೇಳಿದ್ಲು, "ನಲವತ್ತು ಶಿಲ್ಲಿಂಗು ಅಂದ್ರ ಎಷ್ಟವಾ?"

"ಎರಡು ಪೌಂಡು ಕಾಕು. ಆಗಿನ ಕಾಲಕ್ಕ ದೊಡ್ಡ ರೊಕ್ಕನ. ಈಗಿನ ಲೆಕ್ಕದಾಗ ನಮ್ಮ ಇನ್ನೂರು ರೂಪಾಯಿಕಿಂತಾ ಸ್ವಲ್ಪ ಹೆಚ್ಚು."

"ಅಷ್ಟೇನು! ನಿಮ್ಮ ಕಾಕಾಂದು ಪೆನ್ಶನ್ ಬರ್ತದಲ್ಲ, ಅದರಾಗಿಂದ ನಾ ಕೊಡ್ತೇನಿ. ಶ್ರಾವಣದಾಗ ಪ್ರವಚನಕ್ಕ ಆಚಾರ್ಯರು ಬರ್ತಾರಲ್ಲ, ಒಂದು ದಿನಾ ಇದರ ಮ್ಯಾಲ ಹೇಳ್ರಿ ಅಂತ ಕೇಳು. ಕುಡಿಯೋರಿಗೆ ಬೈಯೋದು ಬ್ಯಾಡ, ಅವರು ಹೆಂಗೂ ಬರೂದಿಲ್ಲ. ಮನ್ಯಾಗಿನವರಿಗೆ ಹೇಳ್ಲಿ."

ಆಚಾರ್ಯರನ್ನ ಕೇಳೇನಿ. ಮೊದಲು ಸ್ವಲ್ಪ ಹಿಂದ-ಮುಂದ ನೋಡಿದ್ರು, ಆಮ್ಯಾಲ ಒಂದು ಸಂಜಿ ಕೊಡ್ತೇನಿ ಅಂದಾರ. ದಿನಾ ಗೊತ್ತಾದ ಕೂಡಲೆ ಇಲ್ಲೇ ಬರೀತೇನಿ. ಎಲ್ಲಾರೂ ಬರ್ರಿ, ಸೊಸಿಯಂದ್ರನ್ನೂ ಕರಕೊಂಡು ಬರ್ರಿ. ಕಾಕು ಬರ್ತಾಳ. ಮುಂದಿನ ಸಾಲಿನಾಗ ಆಕಿ ಬಾಜೂಕ ನಾ ಕೂಡೋಳು, ಆ ಜಾಗಾ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಕೂಡ್ರಿ.